ಸೋಲ್ ಹ್ಯಾಕರ್ಸ್: ಹಳೆಯದೋ, ಎರಡನೆಯದೋ?

1997ರಲ್ಲಿ ಗೇಮ್ ಯಂತ್ರವಾದ ಸೆಗಾ ಸ್ಯಾಟರ್ನ್‌ಗೆ ಬಂದು, 2013ರಲ್ಲಿ ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ 3ಡಿಎಸ್ ಮೂಲಕ ಇಂಗ್ಲಿಷಿನಲ್ಲಿ ದೊರೆತ ವಿಡಿಯೊ ಗೇಮ್ ‘ಸೋಲ್ ಹ್ಯಾಕರ್ಸ್’ ನನಗೆ ಇಂದಿಗೂ ಅಚ್ಚುಮೆಚ್ಚು. ಆ ಪ್ರೀತಿಯಿಂದಲೇ 2022ರ ಆಗಸ್ಟ್‌ನಲ್ಲಿ ‘ಸೋಲ್ ಹ್ಯಾಕರ್ಸ್ 2’ ಬಿಡುಗಡೆಯಾದ ವಾರವೇ ಪೂರ್ತಿ ಬೆಲೆ ತೆತ್ತು ಕೊಂಡೆ. ವಿಮರ್ಶೆಗಳನ್ನು ಓದಿದ್ದು ಆಮೇಲೆ. ವಿಮರ್ಶಕರ ಸರಾಸರಿ ಎರಡಕ್ಕೂ ನೂರಕ್ಕೆ 70 ಚಿಲ್ಲರೆ ಅಂಕ ಕೊಟ್ಟಿದೆ, ಆದರೆ ಎರಡೂ ಅಂಕ ಕಳೆದುಕೊಂಡ ಕಾರಣಗಳು ಬೇರೆ ಬೇರೆ.

ಹಳೆಯದನ್ನು ಕಾಲಕ್ಕಿಂತ ಹಿಂದೆ ಬಿದ್ದ ಆಟವೆಂದರು, ಅದು ನಿಜ. ಎರಡನೆಯದರಲ್ಲಿ ನಾಯಕಿ ರಿಂಗೋ ಮತ್ತು ಅವಳ ಸಂಗಡಿಗರನ್ನು, ನಿಯಾನ್ ಬೆಳಕಿನ ನಗರವನ್ನು ಮೆಚ್ಚಿ, ಶತ್ರುಗಳು ತುಂಬಿದ ಚಕ್ರವ್ಯೂಹದಂಥ ಡಂಜನ್‌ಗಳನ್ನು ತೆಗಳಿದರು. ನನ್ನ ದೂರೂ ಅಲ್ಲಿಯದೇ.

ಸತ್ತ ಆ್ಯರೋ, ಮಿಲೇಡಿ, ಸೈಜೋ ಮೂವರನ್ನೂ ರಿಂಗೋ ಬದುಕಿಸುತ್ತಾಳೆ. ಅವರ ಅಂತರಂಗವೇ ‘ಸೋಲ್ ಮ್ಯಾಟ್ರಿಕ್ಸ್’ ಎಂಬ ಡಂಜನ್. ಒಬ್ಬ ಮನುಷ್ಯನ ನೆನಪಿನೊಳಗೆ ಕಾಲಿಡುತ್ತಿದ್ದೇನೆಂದು ಆಸೆಯಿಂದ ಹೋದರೆ, ಮೂವರಲ್ಲೂ ಎದುರಾಗುವುದು ಒಂದೇ ಅಚ್ಚಿನ ಉದ್ದನೆಯ ಓಣಿಗಳು, ಮುಚ್ಚಿದ ಬಾಗಿಲುಗಳು. ಬಾಗಿಲು ತೆರೆಯಬೇಕಾದರೆ ಆ ವ್ಯಕ್ತಿಯೊಂದಿಗಿನ ಒಡನಾಟದ ಅಂಕ ಸಾಕಷ್ಟಿರಬೇಕು. ಇಲ್ಲವಾದರೆ ಬಂದ ದಾರಿಗೆ ಸುಂಕವಿಲ್ಲವೆಂದು ಹಿಂತಿರುಗಬೇಕು. ಮೊದಮೊದಲು ರಿಂಗೋಳ ಓಟವೂ ನಿಧಾನವಾಗಿತ್ತು. ಕೆಲವು ವಾರಗಳ ಬಳಿಕ ಬಂದ ಅಪ್‌ಡೇಟ್ ವೇಗದ ಓಟವನ್ನು ಸೇರಿಸಿತಾದರೂ ಓಣಿ ಮಾತ್ರ ಬದಲಾಗಲಿಲ್ಲ.

ಇದೇ ಕಲ್ಪನೆ ಹಳೆಯದರಲ್ಲಿ ಎಷ್ಟು ಸೊಗಸಾಗಿತ್ತು! ‘ವಿಷನ್ ಕ್ವೆಸ್ಟ್’ನಲ್ಲಿ ದೆವ್ವಗಳನ್ನು ಕರೆಸಿ ಕಾದಾಡುತ್ತಿದ್ದ, ಈಗ ಸತ್ತುಹೋದ ಸಮನರ್‌ನ ಕೊನೆಯ ಗಳಿಗೆಗಳನ್ನು ಆತನಾಗಿಯೇ ಆಡಬೇಕು. ಆತನ ಆಯುಧ, ಆತನ ದೆವ್ವಗಳು, ಆತನ ಸಾವು. ಮುಂದೆ ಏನಾಗುವುದೆಂದು ತಿಳಿದಿದ್ದರೂ ಪ್ರತಿ ಹೆಜ್ಜೆಗೂ ಎದೆ ಭಾರವಾಗುತ್ತಿತ್ತು.

ಕಾಳಗದಲ್ಲಿ ಎರಡನೆಯದೇ ಮೇಲು. ಶತ್ರುವಿನ ದೌರ್ಬಲ್ಯಕ್ಕೆ ಸರಿಯಾಗಿ ಹೊಡೆದಷ್ಟೂ ದೆವ್ವಗಳು ಸಾಲುಗಟ್ಟಿ, ಸರದಿಯ ಕೊನೆಗೆ ಒಟ್ಟಾಗಿ ಎರಗುವ ‘ಸಬ್ಬತ್’ ನೋಡಲು ಚೆಂದ.

ಹಳೆಯದರಲ್ಲಿ ದೆವ್ವಗಳನ್ನು ಜೊತೆಗಿಟ್ಟುಕೊಂಡು ನಡೆದಷ್ಟೂ ಅವನ್ನು ಉಳಿಸುವ ಶಕ್ತಿಯಾದ ಮ್ಯಾಗ್ನೆಟೈಟ್ ಕರಗುತ್ತದೆ. ಈ ಲೆಕ್ಕಾಚಾರ ಕೆಲವರಿಗೆ ಕಿರಿಕಿರಿ, ನನಗೆ ಇಷ್ಟ.

2023ರ ಮಾರ್ಚ್‌ನಲ್ಲಿ 3ಡಿಎಸ್‌ನ ಆನ್‌ಲೈನ್ ಅಂಗಡಿ ಮುಚ್ಚಿದ್ದರಿಂದ ಹಳೆಯದಕ್ಕೆ ಸೆಕೆಂಡ್ ಹ್ಯಾಂಡ್ ಕಾರ್ಟ್ರಿಡ್ಜ್ ಹುಡುಕಬೇಕು. ಅದು ನಿಮ್ಮ ಯಂತ್ರ ಮಾರಾಟವಾದ ಪ್ರದೇಶಕ್ಕೆ ಹೊಂದುವುದೇ ಎಂಬುದನ್ನೂ ನೋಡಿಕೊಳ್ಳಬೇಕು. ಕೈಯಲ್ಲಿ 3ಡಿಎಸ್ ಇಲ್ಲದವರು ಎರಡನೆಯದನ್ನೇ, ಅರ್ಧ ಬೆಲೆಗಿಳಿದಾಗ, ಕೊಳ್ಳಲಿ. ಊಟವಾದ ಮೇಲೆ ಮುಕ್ಕಾಲು ಗಂಟೆಯಷ್ಟೇ ಆಡಿ, ನಿದ್ದೆ ಬಂದೊಡನೆ ಯಂತ್ರದ ಮುಚ್ಚಳ ಮಡಚಿ, ಮರುದಿನ ಅಲ್ಲಿಂದಲೇ ಮುಂದುವರಿಸುವ ನನಗೆ ಹಳೆಯದೇ ಸಾಕು.