ಸ್ಕಿಡ್ ಪ್ಲೇಟಿಗೆ ಪೌಡರ್ ಕೋಟಿಂಗಾ, ಸ್ಪ್ರೇ ಕ್ಯಾನಾ: ಮೂರು ಮಳಿಗಾಲ ಆದಮ್ಯಾಲೆ

ಥಾರ್ ಜೀಪ್ ತಗೊಂಡ ವರ್ಷನ ಸ್ಕಿಡ್ ಪ್ಲೇಟ್, ಅಂದ್ರ ಗಾಡಿ ಹೊಟ್ಟಿಗೆ ಕಲ್ಲು ತಾಗದಂಗ ಕೆಳಗ ಇರೋ ಕಬ್ಬಿಣದ ತಗಡು, ಬಿಚ್ಚಿ ಪುಣೆ ಹತ್ರ ಭೋಸರಿ ಕಡೆ ಒಂದು ವರ್ಕ್‌ಶಾಪ್‌ನಾಗ ಪೌಡರ್ ಕೋಟಿಂಗ್ (ಬಣ್ಣದ ಪುಡಿ ಹೊಡದು ಓವನ್‌ನಾಗ ಕಾಯ್ಸೋದು) ಮಾಡ್ಸಿದ್ದೆ. ಕರ್ರಗ ಮಿರಿಮಿರಿ ಮಿಂಚ್ತಿತ್ತು, ಇನ್ನ ಐದು ವರ್ಷ ಚಿಂತಿಲ್ಲ ಅನ್ಕೊಂಡೆ. ಆ ಮಳಿಗಾಲದಾಗ ತಾಮ್ಹಿಣಿ ಘಾಟ್ ಕಡೆ ಎರಡು ಸಲ ಹೋಗಿ ಬಂದೆ, ಅಲ್ಲಿ ಕರಿಕಲ್ಲು ಹೆಂಗಿರ್ತಾವ ಗೊತ್ತಲ್ಲ, ನಾಕೈದು ಗೀರು ಬಿದ್ದಿದ್ವು, ಇಷ್ಟಕ್ಕ ಏನಾಗ್ತದ ಅಂತ ಬಿಟ್ಟೆ. ದೀಪಾವಳಿ ಮುಂದ ಗಾಡಿ ತೊಳಿಯೋವಾಗ ಒಂದು ಗೀರಿನ ಅಂಚಿಗೆ ಉಗುರು ಹಾಕಿದ್ರ ಅಂಗೈ ಅಗಲ ಹಪ್ಪಳದಂಗ ಎದ್ದು ಬಂತ್ರೀ. ಒಳಗ ಪೂರ್ತಿ ತುಕ್ಕು, ಇನ್ನೂ ಹಸಿ ಇತ್ತು. ಮ್ಯಾಲಿಂದ ನೋಡಿದ್ರ ಏನೂ ಗೊತ್ತಾಗಂಗಿಲ್ಲ, ಅದ ನನ್ನ ಸಿಟ್ಟು. ರಿಪೇರಿ ಅಂದ್ರ ಪೂರ್ತಿ ಕೆರದು ಮತ್ತ 200 ಡಿಗ್ರಿ ಹತ್ರ ಓವನ್‌ನಾಗ ಇಡಬೇಕು, ಅಂದ್ರ ಮತ್ತ ಬಿಚ್ಚು, ಮತ್ತ ಭೋಸರಿ, ಮತ್ತ ರೊಕ್ಕ.

ಅಲ್ಲಿಂದ ಸ್ಪ್ರೇ ಕ್ಯಾನ್‌ಗೆ ಬಂದೆ. ಕೆಳಗ ಜಿಂಕ್ ಪ್ರೈಮರ್, ಮ್ಯಾಲೆ ಮ್ಯಾಟ್ ಬ್ಲ್ಯಾಕ್ (ಮಿಂಚು ಇಲ್ಲದ ಕರಿ ಬಣ್ಣ), ಅಷ್ಟ. ಜಿಂಕ್ ಜಾಸ್ತಿ ಇರೋದ ನೋಡಿ ತಗೋರಿ, ಗೀರು ಬಿದ್ರೂ ಕಬ್ಬಿಣಕ್ಕಿಂತ ಮೊದಲ ಜಿಂಕ್ ಸವೀತದ. ಮಿಂಚೋ ಗ್ಲಾಸಿ ಬಣ್ಣ ಬ್ಯಾಡ, ತೇಪಿ ಎದ್ದು ಕಾಣ್ತದ.

ಈಗ ಟ್ರಿಪ್ ಆದಮ್ಯಾಲಿನ ಭಾನುವಾರ ಮುಂಜಾನೆ ಚಹಾ ಕುಡದು, ಗಾಡಿ ತಣ್ಣಗಿದ್ದಾಗ, ಸೊಸೈಟಿ ಪಾರ್ಕಿಂಗ್‌ನಾಗ ಗಾಲಿಗೆ ಕಲ್ಲು ಕೊಟ್ಟು ರಟ್ಟು ಹಾಸ್ಕೊಂಡು ಕೆಳಗ ತೂರ್ತೀನಿ. ಮಗಳು ಬ್ಯಾಟರಿ ಹಿಡಕೊಂಡು "ಪಪ್ಪಾ, ಇಲ್ಲೊಂದದ" ಅಂತ ಗೀರು ತೋರಸ್ತಾಳ. ವೈರ್ ಬ್ರಶ್‌ಲೆ ಕಬ್ಬಿಣ ಬೆಳ್ಳಗ ಆಗೋತನ ತಿಕ್ಕಿ, ಥಿನ್ನರ್ ಹಚ್ಚಿದ ಅರಬಿಲೆ ಒರಸಿ, ಸುತ್ತ ಹಳೇ ಪೇಪರ್ ಅಡ್ಡ ಹಿಡದು ಪ್ರೈಮರ್ ಹೊಡದು, ಒಣಗೋತನ ಇನ್ನೊಂದು ಕಪ್ ಚಹಾ, ಆಮ್ಯಾಲೆ ಕರಿ ಬಣ್ಣ ತೆಳ್ಳಗ ಎರಡು ಕೈ. ಆ ಹೊಸ ಬಣ್ಣದ ವಾಸನಿ, ಮಗಳ ಜೋಡಿ ಆ ಒಂದು ತಾಸು, ನನಗ ಭಾಳ ಸೇರ್ತದ.

ಸ್ಪ್ರೇ ಗಟ್ಟಿ ಏನಲ್ಲ, ಮೊದಲ ಕಲ್ಲಿಗೇ ಕೆರದು ಹೋಗ್ತದ, ಆದ್ರ ಎಲ್ಲಿ ಹೋಗ್ಯದ ಅನ್ನೋದು ಕಣ್ಣಿಗೆ ಕಾಣ್ತದ. ಜುಲೈ ಜಿಟಿಜಿಟಿ ಮಳ್ಯಾಗ ಹೊಡೀಬ್ಯಾಡ್ರಿ, ಹವಾದಾಗಿನ ಹಸಿಗೆ ಬಣ್ಣ ಬೂದಿ ತಿರುಗ್ತದ, ಬಿಸಲು ಬಿದ್ದ ದಿನ ನೋಡಿ ಹೊಡೀರಿ. ನಮ್ಮ ಗೆಳ್ಯಾ ತನ್ನ ಪ್ಲೇಟಿಗೆ ಬೆಡ್‌ಲೈನರ್ (ಪಿಕಪ್ ಗಾಡಿ ತಳಕ್ಕ ಹೊಡಿಯೋ ದಪ್ಪ ಉರುಟು ಲೇಪ) ಹಾಕ್ಸ್ಯಾನ, ಗಟ್ಟಿ ಅದ ಖರೆ, ಆದ್ರ ಆ ಉರುಟಿನ ಸಂದ್ಯಾಗ ಕೆಸರು ಕೂತ್ರ ತೊಳಿಯೋದು ದೊಡ್ಡ ಕೆಲಸ.

ಪೌಡರ್ ಕೋಟಿಂಗ್‌ಗೂ ಅನ್ಯಾಯ ಮಾಡಬಾರ್ದು. ಅದ ದಿನ ಮಾಡ್ಸಿದ್ದ ಬ್ರಾಕೆಟ್‌ಗೋಳು ಇವತ್ತಿಗೂ ಹೊಸಾವು ಇದ್ದಂಗ ಅವ. ಕಲ್ಲು ತಾಗದ ಜಾಗಕ್ಕ ನಾ ಇನ್ನೂ ಅದನ್ನ ಮಾಡ್ಸೋದು. ಪ್ಲೇಟಿಗೆ ಮಾತ್ರ ಡಿಕ್ಕಿಯೊಳಗ ಎರಡು ಕ್ಯಾನ್ ನೆಳ್ಳಿನ್ಯಾಗ ಇಟ್ಟಿರ್ತೀನಿ, ಬ್ಯಾಸಗಿ ಬಂತಂದ್ರ ತಗದು ಮನಿಯೊಳಗ.