ಅಮ್ಮನ ಜೊತೆ ಆಕ್ಸ್‌ಫರ್ಡ್‌ನ ಮೇ ಬೆಳಗು

ಬೆಳಗಿನ ನಾಲ್ಕಕ್ಕೆ ಅಮ್ಮನನ್ನು ಎಬ್ಬಿಸಿ, ಕಿವಿಗೆ ಮಫ್ಲರ್ ಸುತ್ತಿಸಿ, ಆಕ್ಸ್‌ಫರ್ಡ್‌ಗೆ ಹೊರಡಿಸಿದೆ. ಮೇ 1ರಂದು ಅಲ್ಲಿನ ಮಾಡ್ಲಿನ್ ಕಾಲೇಜಿನ ಗಾಯಕರು ಗೋಪುರದ ತುದಿಗೆ ಹತ್ತಿ ಹಾಡುತ್ತಾರೆ. (ಬರೆಯುವುದು ಮ್ಯಾಗ್ಡಲೆನ್, ಕರೆಯುವುದು ಮಾಡ್ಲಿನ್.) ಟಿಕೆಟ್ಟಿಲ್ಲ, ಬುಕಿಂಗ್ ಇಲ್ಲ. ಹೈ ಸ್ಟ್ರೀಟ್‌ನಲ್ಲಿ ಹೋಗಿ ನಿಂತರಾಯಿತು.

ಮೊದಲೇ ಹೇಳಿಬಿಡುತ್ತೇನೆ, ಹಾಡುವವರು ಕಾಣುವುದಿಲ್ಲ. 1509ರ ಹೊತ್ತಿಗೆ ಕಟ್ಟಿ ಮುಗಿಸಿದ ಆ ಗೋಪುರ 44 ಮೀಟರ್ ಎತ್ತರ. ಕತ್ತು ನೋಯುವಷ್ಟು ಹೊತ್ತು ನೋಡಿದರೂ ಅಂಚಿನಲ್ಲಿ ಏನೋ ಬೆಳ್ಳಗೆ ಅಲುಗಾಡಿತು, ಅಷ್ಟೇ. 'ಅವರೇನಾ, ಪಾರಿವಾಳಾನಾ?' ಅಂದರು ಅಮ್ಮ.

ಆದರೆ ಆರು ಗಂಟೆ ಹೊಡೆದಾಗಿನ ಆ ನಿಶ್ಶಬ್ದ! ರಾತ್ರಿಯಿಡೀ ಕುಡಿದು ಕುಣಿದು ನೇರ ಅಲ್ಲಿಗೇ ಬಂದ ಹುಡುಗರು, ತಲೆಗೆ ಹೂವಿನ ದಂಡೆ ಕಟ್ಟಿಕೊಂಡ ಅಜ್ಜಿಯರು, ಅಪ್ಪನ ಹೆಗಲೇರಿದ ಮಕ್ಕಳು, ಸಾವಿರಾರು ಜನ ಒಟ್ಟಿಗೆ ಗಪ್‌ಚಿಪ್. ನನ್ನ ಪಕ್ಕದವನ ಕೋಟಿಗೆ ಬಿಯರ್ ಚೆಲ್ಲಿತ್ತು. ಅವನೂ ಕಣ್ಣು ಮುಚ್ಚಿ ನಿಂತಿದ್ದ. ಮೊದಲು 17ನೇ ಶತಮಾನದ ಬೆಂಜಮಿನ್ ರಾಜರ್ಸ್ ರಾಗ ಹಾಕಿದ ಲ್ಯಾಟಿನ್ ಸ್ತೋತ್ರ. ಪುಟ್ಟ ಹುಡುಗರ ದನಿ ಮೇಲೆ, ದೊಡ್ಡವರದು ಕೆಳಗೆ. ಒಂದಕ್ಷರ ಅರ್ಥವಾಗಲಿಲ್ಲ, ಮೈ ಮಾತ್ರ ಜುಂ ಅಂದಿತು. ದನಿ ಬರುವುದು ಸ್ಪೀಕರ್‌ನಿಂದ. ಅದರ ಬುಡದಲ್ಲಿ ನಿಂತಿರಾದರೆ ಕಿವಿಗೆ ಕೀರಲು. ಇಪ್ಪತ್ತು ಹೆಜ್ಜೆ ಹಿಂದೆ ಸರಿದೆವು, ಚೆನ್ನಾಗಿ ಕೇಳಿಸಿತು.

ಆಮೇಲೆ ಪ್ರಾರ್ಥನೆ, ಇನ್ನೊಂದೆರಡು ಹಾಡು. ಅಷ್ಟಕ್ಕೇ ಮುಗಿಯಿತು. ಇಷ್ಟಕ್ಕೆ ನಾಲ್ಕು ಗಂಟೆಗೆ ಏಳಬೇಕಾ ಅನ್ನುವವರು ಸುಮ್ನೆ ಮಲಗಿ. ಹಾಡಿಗಿಂತ ಆಮೇಲೆ ಬಾರಿಸಿದ ಗೋಪುರದ ಗಂಟೆಗಳ ಸದ್ದೇ ಜಾಸ್ತಿ ಹೊತ್ತು, ಹತ್ತಿರ ಹತ್ತಿರ ಇಪ್ಪತ್ತು ನಿಮಿಷ.

ತೊಂದರೆ ಎಂದರೆ ಕೂರಲು ಜಾಗವಿಲ್ಲ. ವಯಸ್ಸಾದವರಿದ್ದರೆ ಮಡಚುವ ಸ್ಟೂಲ್ ಬೇಕೇ ಬೇಕು. ಫ್ಲಾಸ್ಕ್‌ನಲ್ಲಿ ಕಾಫಿಯೂ ಇರಲಿ. ನಾವು ಒಂದು ಅಂಗಡಿಯ ಸಾಲಿನಲ್ಲಿ ನಲವತ್ತು ನಿಮಿಷ ನಿಂತು ತಣ್ಣಗಿನ ಕಾಫಿ ಕುಡಿದೆವು. ಗೋಪುರದ ಪಕ್ಕದ ಸೇತುವೆಯಿಂದ ಚರ್ವೆಲ್ ನದಿಗೆ ಹಾರುವ ಹುಚ್ಚಾಟವಂತೂ ಬೇಡ. ನೀರು ಆಳವಿಲ್ಲ, 2005ರಲ್ಲಿ ಹಾರಿದವರಲ್ಲಿ ಹಲವರು ಪೆಟ್ಟು ಮಾಡಿಕೊಂಡಿದ್ದರು.

ವಾಪಸ್ ಬರುವಾಗ ಬೀದಿಯಲ್ಲಿ ಮಾರಿಸ್ ಎಂಬ ಇಂಗ್ಲಿಷ್ ಜಾನಪದ ಕುಣಿತ. ಬಿಳಿ ಬಟ್ಟೆಯ ಗಂಡಸರು ಮೊಣಕಾಲ ಕೆಳಗೆ ಗೆಜ್ಜೆ ಕಟ್ಟಿಕೊಂಡು, ಕರವಸ್ತ್ರ ಬೀಸುತ್ತಾ ಹಾರುತ್ತಿದ್ದರು. ಅಮ್ಮನ ಕಾಲುನೋವು ಅಲ್ಲೇ ಮಾಯ. ಸಂಜೆ ಶಿವಮೊಗ್ಗದ ಚಿಕ್ಕಮ್ಮನಿಗೆ ಫೋನು ಹೋಯಿತು: 'ಇಲ್ಲೂ ಗೆಜ್ಜೆ ಕಟ್ತಾರೆ ಕಣೇ, ಅದೂ ಗಂಡಸರು!' ಗೋಪುರದ ಸುದ್ದಿಯೇ ಇಲ್ಲ.