ಚೌಕಿಪೇಟೆಯ ವೇಷಭೂಷಣ ಅಂಗಡಿ: ಕಣ್ಣಿಗೆ ಬೀಳದ ವೇಷಗಳು

ದಾವಣಗೆರೆಯ ಚೌಕಿಪೇಟೆಯಲ್ಲಿ ನಾಟಕದ ಉಡುಪು ಬಾಡಿಗೆಗೆ ಕೊಡುವ ಈ ಚಿಕ್ಕ ಅಂಗಡಿಯಲ್ಲಿ ರಾಜ, ಮಂತ್ರಿ, ರಾಕ್ಷಸರ ಜರಿ ಉಡುಪುಗಳಿಗೆ ಕೊರತೆಯಿಲ್ಲ. ನಮ್ಮ ಹವ್ಯಾಸಿ ತಂಡಕ್ಕೆ ಬೇಕಾಗಿದ್ದುದು ಬೇರೆಯೇ: ಧರ್ಮಬೋಧನೆ ಅಪರಾಧವೆನಿಸಿದ್ದ ಕಾಲದಲ್ಲಿ ಬೋಧಕರು ತಲೆಮರೆಸಿಕೊಂಡು ಓಡಾಡಲು ತೊಡುತ್ತಿದ್ದ ವೇಷಗಳು. ರಂಗದ ವೇಷ ಜನರ ಕಣ್ಣು ಸೆಳೆಯಬೇಕು. ಈ ವೇಷಗಳು ಯಾರ ಕಣ್ಣಿಗೂ ಬೀಳಬಾರದು. ಮಾಲೀಕರು ಇದನ್ನು ಒಂದೇ ಮಾತಿನಲ್ಲಿ ಗ್ರಹಿಸಿದರು.

ಜೋಸೆಫ್ ವಾಜ್ ಪಾತ್ರದ ಉಡುಪು ಅತ್ಯುತ್ತಮವಾಗಿತ್ತು. 1681ರಿಂದ 1684ರವರೆಗೆ ನಮ್ಮ ಕರಾವಳಿಯಲ್ಲಿ ಸೇವೆ ಸಲ್ಲಿಸಿದ್ದ ಗೋವೆಯ ಈ ಪಾದ್ರಿ, ಡಚ್ಚರು ಕ್ಯಾಥೊಲಿಕ್ ಪಾದ್ರಿಗಳನ್ನು ನಿಷೇಧಿಸಿದ್ದ ಸಿಲೋನಿಗೆ 1687ರಲ್ಲಿ ಕೂಲಿಯಾಳಿನ ವೇಷದಲ್ಲಿ ಹೋದರು. ಜಾಫ್ನಾದಲ್ಲಿ ಭಿಕ್ಷೆ ಬೇಡುತ್ತ, ಕೊರಳಲ್ಲಿ ಜಪಮಾಲೆ ಧರಿಸಿ, ಅದನ್ನು ಕಂಡವರ ಮುಖಭಾವದಿಂದಲೇ ತಮ್ಮ ಧರ್ಮದವರನ್ನು ಗುರುತಿಸುತ್ತಿದ್ದರೆಂದು ಹೇಳುತ್ತಾರೆ. ಮಾಲೀಕರು ಮೊದಲು ಬಣ್ಣಬಣ್ಣದ ತೇಪೆ ಹಚ್ಚಿದ ಭಿಕ್ಷುಕನ ಸೆಟ್ ತೆಗೆದರು, ಆಮೇಲೆ ತಾವೇ ಅದನ್ನು ಬದಿಗಿಟ್ಟು, ಒಗೆದೊಗೆದು ಸವೆದ, ಅಂಚಿನಲ್ಲಿ ಅದೇ ಬಣ್ಣದ ನೂಲಿನಿಂದ ಹೊಲಿದಿದ್ದ ಹಳೆಯ ಪಂಚೆಯೊಂದನ್ನು ಹುಡುಕಿಕೊಟ್ಟರು. ಅದನ್ನುಟ್ಟು ನಿಂತ ನಟ ನಿಜಕ್ಕೂ ಗುಂಪಿನಲ್ಲಿ ಕರಗಿಹೋಗುವಂತಿದ್ದ. ಜಪಮಾಲೆ ಮಾತ್ರ ಎದ್ದು ಕಾಣುತ್ತಿತ್ತು.

1580ರಲ್ಲಿ ಒಡವೆ ವ್ಯಾಪಾರಿಯ ವೇಷದಲ್ಲಿ ಇಂಗ್ಲೆಂಡಿಗೆ ಬಂದು, ಮರುವರ್ಷವೇ ಸೆರೆಸಿಕ್ಕಿ ಮರಣದಂಡನೆಗೆ ಗುರಿಯಾದ ಜೆಸ್ಯೂಟ್ ಪಾದ್ರಿ ಎಡ್ಮಂಡ್ ಕ್ಯಾಂಪಿಯನ್ ಅವರ ಕೋಟು ಸಾಧಾರಣವಾಗಿತ್ತು. ಅತಿಯಾದ ಜರಿಯನ್ನು ಕೇಳಿದ ಕೂಡಲೇ ಬಿಚ್ಚಿಕೊಟ್ಟರು.

ನಿರಾಸೆಯಾದದ್ದು ಅಲೆಕ್ಸಾಂಡರ್ ಪೆಡನ್ ಪಾತ್ರದ ಮುಖವಾಡದಲ್ಲಿ. 17ನೆಯ ಶತಮಾನದ ಸ್ಕಾಟ್ಲೆಂಡಿನಲ್ಲಿ ಬಯಲು ಪ್ರಾರ್ಥನಾಸಭೆಗಳನ್ನು ನಡೆಸುತ್ತ ಸೈನಿಕರಿಂದ ತಪ್ಪಿಸಿಕೊಳ್ಳುತ್ತಿದ್ದ ಈ ಬೋಧಕರದೆನ್ನುವ ಮುಖವಾಡ ಮತ್ತು ಕೃತಕ ಕೂದಲು ಇಂದಿಗೂ ಎಡಿನ್‌ಬರೋದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿವೆ. ಅಂಗಡಿಯವರು ಕೊಟ್ಟ ರಬ್ಬರ್ ಮುಖವಾಡದಲ್ಲಿ ಬಾಯಿಯ ರಂಧ್ರ ತೀರ ಕಿರಿದಾಗಿದ್ದು, ಮಾತು ಎರಡನೆಯ ಸಾಲಿಗೂ ಸ್ಪಷ್ಟವಾಗಿ ಕೇಳುತ್ತಿರಲಿಲ್ಲ. ಬೋಧಕನ ಪಾತ್ರಕ್ಕೆ ಇದು ಸಣ್ಣ ದೋಷವಲ್ಲ. ಕೊನೆಗೆ ಟೋಪನ್ (ಕೃತಕ ಕೂದಲು) ಮತ್ತು ಅಂಟಿಸುವ ಗಡ್ಡದಲ್ಲೇ ಪಾತ್ರ ಕಟ್ಟಿದೆವು. ಬಳಸದ ಮುಖವಾಡಕ್ಕೆ ಅವರು ಬಾಡಿಗೆ ಹಿಡಿಯಲಿಲ್ಲ.

ಉಡುಪುಗಳನ್ನು ಒಗೆದು, ಇಸ್ತ್ರಿ ಮಾಡಿಯೇ ಕೊಡುತ್ತಾರೆ. ಗಡ್ಡ ಅಂಟಿಸುವ ಗೋಂದನ್ನು ಪ್ರತ್ಯೇಕವಾಗಿ ಕೊಳ್ಳಬೇಕು. ಬೇಸಿಗೆಯ ಜಾತ್ರೆಗಳಿಗೆ ನಾಟಕವಾಡಿಸುವ ಹಳ್ಳಿಗಳವರು ಮುಂಗಡ ಕೊಟ್ಟು ಒಳ್ಳೆಯ ಟೋಪನ್‌ಗಳನ್ನು ಮೊದಲೇ ಕಾಯ್ದಿರಿಸುವುದರಿಂದ, ಆ ತಿಂಗಳುಗಳಲ್ಲಿ ಪ್ರದರ್ಶನವಿದ್ದರೆ ತಾಲೀಮು ಆರಂಭವಾಗುವ ಹೊತ್ತಿಗೇ ಹೋಗಿ ಅಳತೆ ಕೊಟ್ಟು ಬರುವುದು ಒಳಿತು.